ನಮ್ಮವರೂ ನೋಟಾವೂ

ಅವತ್ತು ಮಧ್ಯಾಹ್ನ ನಮ್ಮವರು ಊಟಕ್ಕೆ ಕುಳಿತು ಸೀಟಿ ಊದಿದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬೆಚ್ಚಿ ಕೈಯಲ್ಲಿದ್ದ ರೊಟ್ಟಿ ಹರಿದುಹೋಯಿತು.

“ರೊಟ್ಟಿ ಬೇಕಿದ್ರ ಬಾಯಿಲೆ ಕೇಳ್ರಿ,” ಅಂದೆ.

“ಬಾಯಿಲೇ ಊದೇನಿ,” ಅಂದರು.

ಸೀಟಿ ಅವರ ಚುನಾವಣೆಯ ಗುರುತು. ಹಳಿಯಾಳ ಕ್ಷೇತ್ರದಿಂದ ವಿಧಾನಸಭೆಗೆ ಪಕ್ಷೇತರರಾಗಿ ನಿಂತಿದ್ದರು. ಮತದಾನಕ್ಕೆ ಇನ್ನೂ ಒಂದು ವಾರ ಇತ್ತು. ಬೆಳಿಗ್ಗೆ ಜೊಯಿಡಾ ಕಡೆ ಹೋಗಿ ಪ್ರಚಾರ ಮಾಡಿ ಬಂದಿದ್ದರು. ಜೊತೆಗೆ ಜ್ಯೋತಿಬಾ. ಜ್ಯೋತಿಬಾ ಅಂದರೆ ನಮ್ಮ ಓಣಿಯ ಆಟೋದವನು, ಮೊಮ್ಮಕ್ಕಳಾಗಿವೆ. ಅವನೇ ಡ್ರೈವರ್, ಅವನೇ ಮೈಕಿನಲ್ಲಿ ಕೂಗುವವನು, ಅವನೇ ಕಾರ್ಯಕರ್ತ. ನಮ್ಮವರ ದಂಡು ಅಷ್ಟೇ.

“ಜನ ಹೆಂಗದಾರ ಜ್ಯೋತಿಬಾ?” ಅಂತ ಕೇಳಿದೆ.

“ಭಾಳ ಚಲೋ ಅದಾರ ಕಾಕೂ. ಒಂದ ಊರಾಗ ಕೋಕಂ ಶರಬತ್ತು ಕೊಟ್ರು. ಇನ್ನೊಂದ ಊರಾಗ ಕಾಕಾ ಸೀಟಿ ಊದಿದ್ರು, ಇಬ್ಬರು ಕಂಡಕ್ಟರ್ ಅಂತ ತಿಳಕೊಂಡು ಚೀಲ ತಗೊಂಡು ಆಟೋ ಹತ್ತಿದ್ರು.”

“ಇಳಸಿದ್ರಿಲ್ಲೋ?”

“ಯಾಕ ಇಳಸೋದು?” ಅಂತ ನಮ್ಮವರು ನಡುವೆ ಬಾಯಿ ಹಾಕಿದರು. “ದಾಂಡೇಲಿ ತನಕ ತಂದು ಬಿಟ್ಟೀವಿ. ಅವೆರಡು ಓಟು ಪಕ್ಕಾ.”

ಆಮೇಲೆ ಮಾತು ನೋಟಾಕ್ಕೆ ಬಂತು. ಎಲ್ಲಿಂದ ಶುರುವಾದರೂ ಅವರ ಮಾತು ಅಲ್ಲಿಗೇ ಬರುತ್ತಿತ್ತು. ಓಟಿನ ಯಂತ್ರದಲ್ಲಿ ಎಲ್ಲರ ಹೆಸರು ಮುಗಿದ ಮೇಲೆ ಕೆಳಗೆ ಇನ್ನೊಂದು ಗುಂಡಿ ಇರುತ್ತದೆ. ಇವರಲ್ಲಿ ಯಾರೂ ಬೇಡ ಅನ್ನುವವರು ಅದನ್ನು ಒತ್ತಬೇಕು. ಅದೇ ನೋಟಾ. ಹಿಂದಿನ ಚುನಾವಣೆಯಲ್ಲಿ ನಮ್ಮವರಿಗಿಂತ ನೋಟಾಕ್ಕೆ ಹೆಚ್ಚು ಓಟು ಬಿದ್ದಿದ್ದವು. ದೊಡ್ಡ ಪಕ್ಷದವರು ಮುಂದೆ ಹೋದದ್ದು ಅವರಿಗೆ ಬೇಜಾರಿಲ್ಲ. ನೋಟಾ ಮುಂದೆ ಹೋದದ್ದನ್ನು ಮಾತ್ರ ಮರೆಯಲಿಲ್ಲ.

“ಅವಗ ಮಾರಿ ಇಲ್ಲ, ಮನಿ ಇಲ್ಲ, ಒಂದ ದಿನ ಪ್ರಚಾರಕ್ಕ ಬಂದಾಂವಲ್ಲ,” ಅನ್ನುತ್ತಿದ್ದರು. “ನಾ ಚಪ್ಪಲಿ ಹರಕೊಂಡು ಓಣಿ ಓಣಿ ತಿರಗೇನಿ. ನನಕಿಂತ ಅಂವ ಹೆಂಗ ಹೆಚ್ಚಾದ?”

ಅವತ್ತು ರೊಟ್ಟಿ ಮುರಿಯುತ್ತ ಹೇಳಿದರು: “ಈ ಸಲ ನೋಡು ದಾಕ್ಷಿ ಅವ್ವಾ. ಗೆಲ್ಲೂದು ದೂರ ಉಳೀಲಿ. ಯಾರೂ ಬ್ಯಾಡ ಅನ್ನೋ ಮಂದಿಗಿಂತ ಈ ಅಂದಾನೆಪ್ಪ ಬೇಕು ಅನ್ನೋ ಮಂದಿ ಒಬ್ಬರರೆ ಹೆಚ್ಚಿರಬೇಕು. ಅಷ್ಟಾತಂದ್ರ ನಾ ರಾಜಕೀಯ ಬಿಟ್ಟೆ. ಮನ್ಯಾಗ ಕುಂಡರ್ತೇನಿ.”

“ಖರೇನ?”

“ಖರೇ.”

ಅಂದು ಮತ್ತೊಮ್ಮೆ ಊದಿದರು. ಗೋಡೆಯ ಆಚೆಯಿಂದ ಹೊಳೆವ್ವ ಕೂಗಿದಳು. ನಮಗಿಂತ ಹಿರಿಯಳು, ಒಂದು ಎಮ್ಮೆ ಕಟ್ಟಿದ್ದಾಳೆ.

“ಅಂದಾನೆಪ್ಪಾ, ನಿನ್ನ ಸೀಟಿ ಕಾಲಾಗ ಎಮ್ಮಿ ಹಾಲು ಬಿಡವಲ್ದೋ.”

“ಎಮ್ಮಿಗೆ ಓಟಿಲ್ಲ ಬಿಡ ಅತ್ತಿ.”

“ನನಗ ಐತಲ್ಲ. ನೆನಪಿಟ್ಟಕೋ.”

ಸೀಟಿ ಕಿಸೆಗೆ ಹೋಯಿತು. ಉಂಡರು, ಮಲಗಿದರು, ಎದ್ದು ಚಹಾ ಕುಡಿದರು. ನಾನು ಅವರ ಬಿಳಿ ಅಂಗಿಗೆ ನೀಲಿ ಹಾಕಿ ಒಣಗಿಸಿದೆ. ಸಂಜೆ ಕಟ್ಟೆಯ ಮೇಲೆ ಕುಳಿತು ಮರುದಿನ ಹಳಿಯಾಳದಲ್ಲಿ ಯಾವ ಓಣಿ ಮೊದಲು ಅಂತ ಜ್ಯೋತಿಬಾನ ಜೊತೆ ವಾದ ಮಾಡಿದರು. ಹೇಳಿಕೊಳ್ಳುವಂಥದ್ದು ಅವತ್ತು ಏನೂ ಆಗಲಿಲ್ಲ.

ನಮ್ಮವರು ಹುಟ್ಟಾ ರಾಜಕಾರಣಿ ಅಲ್ಲ. ಧಾರವಾಡ ಜಿಲ್ಲೆಯವರು. ಕಾಗದದ ಕಾರಖಾನೆಯ ಕೆಲಸಕ್ಕೆ ಅಂತ ದಾಂಡೇಲಿಗೆ ಬಂದರು. ನಾನು ಹಳಿಯಾಳ ತಾಲೂಕಿನವಳು, ನಾಲ್ಕನೆಯ ಇಯತ್ತೆ ತನಕ ಕಲಿತಿದ್ದೇನೆ. ಬಂಗೂರನಗರದ ಆಚೆ ಒಂದು ಓಣಿಯಲ್ಲಿ ಮನೆ ಮಾಡಿದೆವು. ಪಾಳಿಗೆ ಹೋಗುವುದು, ಬರುವುದು, ಉಣ್ಣುವುದು. ಒಬ್ಬಳು ಮಗಳು, ದಾಕ್ಷಾಯಣಿ, ದಾಕ್ಷಿ ಅಂತ ಕರೆಯುತ್ತೇವೆ. ಮುಂಡಗೋಡದ ಕಡೆ ಕೊಟ್ಟಿದ್ದೇವೆ. ಜೋರಾಗಿ ಒಂದು ಮಾತು ಆಡಿದವರಲ್ಲ. ಒಂದೇ ಒಂದು ದೋಷ. ಯಾರು ಏನು ಹೇಳಿದರೂ ಅದು ಹೇಳಿದ ಹಾಗೆಯೇ ಅಂತ ತಿಳಿಯುವವರು. ಮದುವೆಯಾದ ಹೊಸತರಲ್ಲಿ ನಮ್ಮಪ್ಪ ಮಾತಿಗೆ “ಇದು ನಿಮ್ಮ ಮನೀನ ಅಂತ ತಿಳೀರಿ” ಅಂದಿದ್ದ. ಮರುದಿನ ಇವರು ನಮ್ಮಪ್ಪನ ಮನೆಯ ಬಾಗಿಲು ಬಿಚ್ಚಿ ಬಣ್ಣ ಹಚ್ಚಲು ಕುಳಿತರು.

ರಾಜಕೀಯವೂ ಹಾಗೇ ಬಂತು. ನಮ್ಮ ಓಣಿಗೆ ಗಟಾರ ಇರಲಿಲ್ಲ. ಗಟಾರಕ್ಕೆ ಅಡಿಗಲ್ಲು ಮಾತ್ರ ಇತ್ತು. ಒಂದು ಸಲ ಹಾಕಿದ ಮೇಲೆ ಇನ್ನೊಂದು ಪಕ್ಷದವರು ಬಂದು ಪಕ್ಕದಲ್ಲೇ ಇನ್ನೊಂದು ಹಾಕಿದರು. ಆ ದಿನ ಪಾಳಿ ಮುಗಿಸಿ ಬರುತ್ತಿದ್ದ ನಮ್ಮವರು ಆ ಪಕ್ಷದ ಮುಖಂಡನ ಮುಂದೆ ನಿಂತು ಕೇಳಿದರು.

“ಸಾಹೇಬ್ರ, ಕಲ್ಲು ಎರಡಾದವು. ಗಟಾರ ಯಾವಾಗ?”

ಮುಖಂಡ ನಕ್ಕ. “ಅಷ್ಟು ಅವಸರ ಇದ್ರ ನೀನ ನಿಂತುಬಿಡಪಾ ಎಲೆಕ್ಷನ್‌ಗೆ.”

ಸುತ್ತಲಿದ್ದವರೂ ನಕ್ಕರು. ನಮ್ಮವರು ನಗಲಿಲ್ಲ. “ಆಗ್ಲಿರಿ,” ಅಂದರು. ಮನೆಗೆ ಬಂದು ಕೈಕಾಲು ತೊಳೆದು, “ದೊಡ್ಡವರು ಹೇಳ್ಯಾರ. ನಿಂದರಬೇಕು,” ಅಂದರು.

“ಅವರು ಚ್ಯಾಷ್ಟಿಗೆ ಅಂದಾರ್ರೀ.”

“ನಾಕ ಮಂದಿ ಮುಂದ ಆಡಿದ ಮಾತು ಚ್ಯಾಷ್ಟಿ ಹೆಂಗಾಗ್ತೈತಿ?”

ನೌಕರಿ ಮುಗಿದ ಮೇಲೆ ನಿಂತೇಬಿಟ್ಟರು. ಗಟಾರ ಆಯಿತು. ಇವರ ಹೆದರಿಕೆಗಲ್ಲ, ನಿಂತ ನೀರಿನಲ್ಲಿ ಹಂದಿ ಬಿದ್ದು ಸತ್ತು, ಅದರ ವಾಸನೆ ಅಧಿಕಾರಿಗಳ ಜೀಪಿನ ತನಕ ಹೋದದ್ದಕ್ಕೆ. ಆದರೂ ಇವರು ಗಟಾರ ತಮ್ಮದೇ ಅಂತ ತಿಳಿದರು. ದಿನಾ ಹೋಗಿ ಒಮ್ಮೆ ನೋಡಿ ಬರುತ್ತಿದ್ದರು.

ಪಕ್ಷ ಇಲ್ಲದವರಿಗೆ ಪ್ರತಿ ಸಲ ಹೊಸ ಗುರುತು. ನಮ್ಮವರಿಗೆ ಗುರುತಿನ ಚಿತ್ರ ಸಾಲದು. ವಸ್ತುವೇ ಕೈಯಲ್ಲಿ ಇರಬೇಕು. “ಓದಾಕ ಬರದವರು ಏನ ನೋಡಿ ಹಾಕಬೇಕು?” ಅನ್ನುತ್ತಿದ್ದರು. ಮೊದಲ ಸಲ ಗ್ಯಾಸ್ ಸಿಲಿಂಡರ್ ಬಂತು. ನನ್ನ ಖಾಲಿ ಸಿಲಿಂಡರ್ ಆಟೋದಲ್ಲಿ ಇಟ್ಟುಕೊಂಡು ಗಡಿಯ ಅನಮೋಡದ ತನಕ ಹೋದರು. ಅಲ್ಲಿ ತಪಾಸಣೆಯವರು ನಿಲ್ಲಿಸಿದರು. “ಗೋವಾಕ್ಕ ಸಿಲಿಂಡರ್ ಸಾಗಸ್ತೀರೇನು?” ಅಂತ ಕೇಳಿದರಂತೆ. “ಇದು ಸಿಲಿಂಡರ್ ಅಲ್ರೀ, ನಾನು,” ಅಂದರಂತೆ. ಸಂಜೆತನಕ ಕೂಡಿಸಿದ್ದರು. ನಾನು ಎರಡು ದಿನ ಕಟ್ಟಿಗೆ ಒಲೆ ಹಚ್ಚಿದೆ.

ಮುಂದಿನ ಸಲ ಮಂಚ ಬಂತು. ಇವರೊಂದು ಕಡೆ, ಜ್ಯೋತಿಬಾ ಒಂದು ಕಡೆ ಹಿಡಿದು ಹಳಿಯಾಳದ ಸಂತೆಯಲ್ಲಿ ಮಂಚ ಹೊತ್ತು ತಿರುಗಿದರು. ಬಿಸಿಲು. ದಣಿದು ಒಂದು ಗಿಡದ ನೆರಳಿಗೆ ಇಳಿಸಿ ಅದರ ಮೇಲೆಯೇ ನಿದ್ದೆ ಹೋದರು. ಎದ್ದಾಗ ಒಬ್ಬ ರೈತ ಮಂಚದ ಕಾಲು ಅಲುಗಾಡಿಸಿ ನೋಡುತ್ತಿದ್ದ. “ಗಟ್ಟಿ ಐತಿ. ನನಗ ಕೊಡ್ರಿ,” ಅಂದ. ಇವರು, ಅವನು ಗುರುತು ಮೆಚ್ಚಿ ಓಟು ಹಾಕುತ್ತೇನೆ ಅನ್ನುತ್ತಿದ್ದಾನೆ ಅಂತ ತಿಳಿದು, “ನಿಮ್ಮದನ ಅಂತ ತಿಳೀರಿ,” ಅಂದರು. ಅವನು ಎತ್ತಿನ ಗಾಡಿಗೆ ಏರಿಸಿಕೊಂಡು ಹೋದ. ಆಡಿದ ಮಾತು ಅಂತ ಇವರು ಸುಮ್ಮನೆ ನೋಡುತ್ತ ನಿಂತರು. ಅವತ್ತಿನಿಂದ ನಾವು ನೆಲದ ಮೇಲೆ ಮಲಗಿದ್ದು.

ಅದೇ ವರ್ಷ ಮಗಳ ಮೈದುನನ ಮದುವೆಗೆ ಮುಂಡಗೋಡಕ್ಕೆ ಹೋಗಿದ್ದೆವು. ಅಲ್ಲಿಯೂ ಪಾಂಪ್ಲೆಟ್ ಹಂಚಿದರು. ಎಲ್ಲರೂ ಕೈ ಮುಗಿದು, “ನಿಮಗ ಹಾಕ್ತೀವಿ ಬೀಗರ,” ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಖುಷಿಯೋ ಖುಷಿ.

“ಮುಂಡಗೋಡದ ಮಂದಿ ಅಂದ್ರ ಮಂದಿ ನೋಡು. ಒಬ್ಬರೂ ಇಲ್ಲ ಅನ್ನಲಿಲ್ಲ.”

“ಮುಂಡಗೋಡ ನಿಮ್ಮ ಕ್ಷೇತ್ರಕ್ಕ ಬರಂಗಿಲ್ಲಲ್ರೀ. ಅದು ಬ್ಯಾರೆ.”

ಉಳಿದ ಪಾಂಪ್ಲೆಟ್ ಮಡಚಿ ಕಿಸೆಗೆ ಹಾಕಿಕೊಂಡರು. “ಹಂಗಾದ್ರೂ ಮಂದಿ ಚಲೋ,” ಅಂದರು.

ಇಷ್ಟಾದರೂ ಅವರಿಗೆ ಓಟು ಬೀಳುತ್ತಿದ್ದವು. ರಾಶಿ ಅಲ್ಲ, ನಮ್ಮ ಓಣಿಯವು, ಹಳೆಯ ಪಾಳಿಯವರವು, ಅಲ್ಲಿ ಇಲ್ಲಿ ಆಟೋದಲ್ಲಿ ಬಿಟ್ಟವರವು. ಓಣಿಯವರು ಇವರನ್ನು ನೋಡಿ ನಗುತ್ತಿದ್ದರು, ನಕ್ಕು ಹೋಗಿ ಹಾಕಿ ಬರುತ್ತಿದ್ದರು. ಅದು ಇವರಿಗೂ ಗೊತ್ತಿತ್ತು. ಆದ್ದರಿಂದಲೇ ನೋಟಾ ಬಂದಾಗ ಅಷ್ಟು ನೊಂದುಕೊಂಡರು.

ಊಟಕ್ಕೆ ಕುಳಿತು ಸೀಟಿ ಊದಿದ ಮರುದಿನವೇ ನಮ್ಮವರು ಹಳಿಯಾಳದಲ್ಲಿ ತೀರಿಕೊಂಡರು. ಆಟೋದ ಮುಂದಿನ ಸೀಟಿನಲ್ಲಿ, ಜ್ಯೋತಿಬಾನ ಪಕ್ಕದಲ್ಲಿ, ಕುಳಿತ ಹಾಗೆಯೇ. ಅವನು ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ಮೈಕು ಹಿಡಿದಿದ್ದ. “ನಿಮ್ಮ ಅಭ್ಯರ್ಥಿ ನಿಮ್ಮ ಬಾಗಲಿಗೆ ಬಂದಾರ, ನಿಮ್ಮ ಕಷ್ಟ ಕೇಳಾಕ ಬಂದಾರ,” ಅಂತ ಓಣಿ ಪೂರ್ತಿ ಕೂಗಿಕೊಂಡು ಹೋದ. ಕೊನೆಗೆ ಒಬ್ಬ ಮುದುಕಿ ಆಟೋ ತಡೆದು ಒಳಗೆ ಇಣುಕಿದಳಂತೆ.

“ತಮ್ಮಾ, ಮೈಕ್ ಬಂದ್ ಮಾಡು. ನಿನ್ನ ಅಭ್ಯರ್ಥಿ ಇಲ್ಲಿಲ್ಲ.”

ಜ್ಯೋತಿಬಾ ಮೊದಲು ಜಗಳಕ್ಕೆ ನಿಂತ. ಆಮೇಲೆ ತಿರುಗಿ ನೋಡಿದ. ಎದೆಯ ನೋವು ಅಂತ ಒಂದು ಮಾತು ಕೂಡ ಹೇಳಿರಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಬಿದಿರಿನ ವಿಮಾನದಲ್ಲಿ ಹೊತ್ತು ಒಯ್ಯುತ್ತೇವೆ. ಅದೇ ಬಿಳಿ ಅಂಗಿ ಹಾಕಿದೆವು. ನಾನು, ಮಗಳು, ಓಣಿಯ ಹೆಂಗಸರು ಹೆಸರು ಹಿಡಿದು ಅಳುತ್ತಿದ್ದೆವು. ಸ್ವಾಮಿಗಳು ಅಡಿವೆಯ್ಯನವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಇನ್ನ ಇವರ ಹೆಸರು ಹಿಡದು ಕರೀಬ್ಯಾಡ್ರಿ. ಲಿಂಗದೊಳಗ ಕೂಡ್ಯಾರ. ನಾವು ಇಲ್ಲಿಂದ ಜಗ್ಗಿದ್ರ ಅವರಿಗೆ ತ್ರಾಸಾಗ್ತೈತಿ.”

ಎಲ್ಲರೂ ಬಾಯಿಗೆ ಸೆರಗು ಹಿಡಿದರು. ಭಜನೆ ಶುರುವಾಯಿತು. ಮುಂದೆ ಜ್ಯೋತಿಬಾನ ಆಟೋ, ಅದಕ್ಕೆ ಸೀಟಿಯ ಬ್ಯಾನರ್ ಇನ್ನೂ ಕಟ್ಟಿಯೇ ಇತ್ತು, ಯಾರಿಗೂ ನೆನಪಾಗಿರಲಿಲ್ಲ. ಹಿಂದೆ ವಿಮಾನದಲ್ಲಿ ನಮ್ಮವರು. ಅದರ ಹಿಂದೆ ಜನ. ಓಣಿಯ ತುದಿಗೆ ಬಂದಾಗ ಒಂದು ಜೀಪು ಅಡ್ಡ ನಿಂತಿತು. ಚುನಾವಣೆಯ ತಂಡದವರು. ಒಬ್ಬ ಕ್ಯಾಮೆರಾ ಹಿಡಿದು ಚಿತ್ರ ತೆಗೆಯುತ್ತಿದ್ದ. ಅವರ ಮುಖ್ಯಸ್ಥ ಕಿರಣಕುಮಾರ ಅಂತ, ಮೈಸೂರು ಕಡೆಯ ಹುಡುಗ, ಹೊಸದಾಗಿ ಬಂದವನು.

“ಈ ಮೆರವಣಿಗೆಗೆ ಪರ್ಮಿಷನ್ ಇದೆಯೇನ್ರಿ?”

ಜ್ಯೋತಿಬಾ ಅಳುತ್ತಲೇ ಕೇಳಿದ, “ಇದಕ್ಕ ಯಾರ ಪರ್ಮಿಷನ್ ತಗೋಬೇಕ್ರಿ?”

“ಅಭ್ಯರ್ಥಿನ ಹೆಗಲ ಮೇಲೆ ಹೊತ್ತು, ಹಾರ ಹಾಕಿ, ಇಷ್ಟು ಜನ ಸೇರಿಸಿದ್ದೀರಿ. ಅವರನ್ನ ಕೆಳಗೆ ಇಳಿಸಿ. ನಾನು ಅವರ ಹತ್ರನೇ ಮಾತಾಡ್ತೀನಿ.”

ಹೊಳೆವ್ವ ಮುಂದೆ ಬಂದಳು. “ಇಳಸೂಣು ತಮ್ಮಾ. ನೀನರೆ ಮಾತಾಡ್ಸು. ನಮ್ಮ ಸಂಗಾಟ ನಿನ್ನೆಯಿಂದ ಮಾತಾಡವಲ್ಲ.”

ಹುಡುಗ ಆಗ ನೆಟ್ಟಗೆ ನೋಡಿದ. ಬೂಟು ಕಳಚಿ ರಸ್ತೆಯ ಮೇಲೆಯೇ ಕೈ ಮುಗಿದು ನಿಂತ. ಕ್ಯಾಮೆರಾದವನಿಗೆ ಸಾಕು ಅಂತ ಸನ್ನೆ ಮಾಡಿದ. ಆದರೂ ಕೆಲಸ ಕೆಲಸವೇ. ಬ್ಯಾನರ್ ಮುಚ್ಚಬೇಕು ಅಂತ ಮೆಲ್ಲಗೆ ಹೇಳಿದ. ಜ್ಯೋತಿಬಾ ತಾಡಪತ್ರಿ ತಂದ. ಇನ್ನೊಂದು ತುದಿಯನ್ನು ಆ ಹುಡುಗನೇ ಹಿಡಿದು ಕಟ್ಟಿದ. ಆಮೇಲೆ ನನ್ನ ಹತ್ತಿರ ಬಂದ.

“ಅಮ್ಮಾ, ಇವರ ಹೆಸರು ಮಷೀನಲ್ಲಿ ಹಾಗೇ ಇರುತ್ತೆ. ತೆಗೆಯೋಕಾಗಲ್ಲ.”

“ಸತ್ತ ಮ್ಯಾಲೂ?”

“ಹೌದಮ್ಮ. ದೊಡ್ಡ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಚುನಾವಣೆ ಮುಂದಕ್ಕೆ ಹೋಗುತ್ತೆ. ಪಕ್ಷೇತರರು ತೀರಿಕೊಂಡರೆ ಏನೂ ಆಗಲ್ಲ.”

ಏನೂ ಆಗುವುದಿಲ್ಲ ಅಂದ. ನಿಯಮದಲ್ಲಿ ಹಾಗೆ ಇದೆಯಂತೆ.

ಅವತ್ತು ಮಣ್ಣು ಕೊಟ್ಟು ಬಂದು ಮೂಲೆಯಲ್ಲಿ ಕುಳಿತಾಗ ನನಗೆ ಅದೇ ತಲೆಯಲ್ಲಿ. ಹೆಸರು ಇದೆ. ಯಂತ್ರದಲ್ಲಿ ಅವರೂ ಇದ್ದಾರೆ, ನೋಟಾವೂ ಇದೆ. ಹಾಗಾದರೆ ಅವರ ಮಾತು ಮುಗಿದಿಲ್ಲ. ಯಾರೂ ಬೇಡ ಅನ್ನುವವರಿಗಿಂತ ಇವರು ಬೇಕು ಅನ್ನುವವರು ಒಬ್ಬರಾದರೂ ಹೆಚ್ಚಿರಬೇಕು. ನನಗೆ ರಾಜಕೀಯ ಬೇಡ. ಅದೊಂದು ಮಾತ್ರ ಬೇಕು.

ಮರುದಿನ ಒಂದು ಪಕ್ಷದವರು ಬಂದರು. ಹಣ್ಣು ತಂದಿದ್ದರು.

“ಅಕ್ಕಾರ, ಅಣ್ಣಾರ ಆತ್ಮಕ್ಕ ಶಾಂತಿ ಸಿಗಬೇಕಂದ್ರ ಅವರ ಓಟು ನಮ್ಮ ಕಡೆ ಬರ್ಬೇಕ್ರಿ. ನೀವೊಂದು ಮಾತು ಹೇಳಿಬಿಡ್ರಿ.”

“ಅವರ ಹೆಸರು ಇನ್ನೂ ಮಷೀನ್‌ನ್ಯಾಗ ಐತ್ರಿ. ಅವರನ್ನ ಕೇಳ್ರಿ,” ಅಂದೆ.

ಹಣ್ಣು ಬಿಟ್ಟು ಹೋದರು. ಸಂಜೆ ಇನ್ನೊಂದು ಪಕ್ಷದವರು ಬಂದರು. ಅವರಿಗೆ ಆ ಹಣ್ಣು ಕೊಟ್ಟೆ.

ಮಾತನಾಡಿಸಲು ಬಂದ ಓಣಿಯವರಿಗೆಲ್ಲ ನಾನು ಒಂದೇ ಮಾತು ಹೇಳಿದೆ. “ಅವರ ಹೆಸರು ಐತಂತ. ಸೀಟಿ ಗುರುತು.” ಎಲ್ಲರೂ ಕಣ್ಣು ಒರೆಸಿಕೊಂಡು, “ನೀವು ಹೇಳಬೇಕೇನ್ರಿ ಅಕ್ಕಾರ? ಅವರನ್ನ ಬಿಟ್ಟು ಬ್ಯಾರೆ ಯಾರಿಗೂ ಹಾಕಂಗಿಲ್ಲ,” ಅಂದರು. ಜ್ಯೋತಿಬಾ ಆಟೋ ತೆಗೆದುಕೊಂಡು ಹೋದ. ಮೈಕಿಲ್ಲದೆ ಮನೆ ಮನೆಗೆ ಹೋಗಿ ಸೀಟಿ ಒತ್ತಿ ಅಂತ ಹೇಳಿ ಬಂದ. ಇವರು ಬದುಕಿದ್ದಾಗ ಇಷ್ಟು ಪ್ರಚಾರ ಆಗಿರಲಿಲ್ಲ.

ಮಣ್ಣು ಕೊಟ್ಟ ಐದನೆಯ ದಿನ ತೀರಿಕೊಂಡವರ ಸಲುವಾಗಿ ಗಣಾರಾಧನೆಯ ಊಟ ಹಾಕಬೇಕು. ಆ ದಿನ ಮತದಾನದ ಹಿಂದಿನ ದಿನ ಬಂತು. ಹಂಡೆಯಲ್ಲಿ ಹುಗ್ಗಿ ಕುದಿಯುತ್ತಿತ್ತು. ಕಿರಣಕುಮಾರ ಮತ್ತೆ ಬಂದ. ಬಾಗಿಲ ಹೊರಗೇ ನಿಂತು ಕೈ ಹಿಸುಕಿಕೊಂಡ.

“ಅಮ್ಮಾ, ಅಭ್ಯರ್ಥಿಯ ಮನೇಲಿ ಮತದಾರರಿಗೆ ಊಟ ಹಾಕೋ ಹಾಗಿಲ್ಲ.”

“ಇದು ಪ್ರಸಾದ, ತಮ್ಮಾ,” ಅಂದರು ಅಡಿವೆಯ್ಯನವರು.

“ಗೊತ್ತು ಸ್ವಾಮೀ. ಆದರೆ ಉಣ್ಣೋರು ಮತದಾರರು.”

ಅಡಿವೆಯ್ಯನವರು ಗಡ್ಡ ತೀಡಿಕೊಂಡು ಹೊರಗೆ ನೋಡಿದರು. ಒಂದು ಟೆಂಪೋ ನಿಂತಿತು. ಮಗಳ ಬೀಗರ ಕಡೆಯವರು, ಮುಂಡಗೋಡದಿಂದ ಒಂದು ಟೆಂಪೋ ತುಂಬ ಬಂದಿದ್ದರು.

“ಇವರು ಉಣ್ಣಬಹುದೇನು?”

“ಯಾವೂರು ಇವರು?”

“ಮುಂಡಗೋಡ.”

ಹುಡುಗ ಉಸಿರು ಬಿಟ್ಟ. “ಅವರು ಈ ಕ್ಷೇತ್ರದ ಮತದಾರರಲ್ಲ, ಸ್ವಾಮೀ. ಅವರು ಉಣ್ಣಲಿ.”

ಮುಂಡಗೋಡದವರು ಉಂಡರು. ಹಂಡೆ ಖಾಲಿಯಾಗುವ ತನಕ ಉಂಡರು. ನಮ್ಮ ಓಣಿಯವರು ಕಾಂಪೌಂಡಿನ ಆಚೆ ಸಾಲಾಗಿ ನಿಂತು ನೋಡಿದರು. ಹೊಳೆವ್ವ ಹುಡುಗನಿಗೆ ಕೇಳುವ ಹಾಗೆ ಹೇಳಿದಳು:

“ನನ್ನ ಓಟು ನೀನ ಇಟ್ಟಕೋ ತಮ್ಮಾ. ನನಗ ಹುಗ್ಗಿ ಹಾಕಸು.”

ಅವನೂ ಉಪವಾಸವೇ ಹೋದ.

ಮರುದಿನ ಓಟು ಹಾಕಲು ಹೋದೆ. ಹೊರಗೆ ಹೋಗಬಾರದು ಅಂತ ಒಬ್ಬಿಬ್ಬರು ಅಂದರು. ಮಗಳು ಕೈ ಹಿಡಿದು ಕರೆದುಕೊಂಡು ಹೋದಳು, ಬಾಗಿಲ ಹತ್ತಿರ ಬಿಟ್ಟಳು. ಯಂತ್ರದಲ್ಲಿ ಪಕ್ಷದವರೆಲ್ಲ ಮೇಲೆ ಇದ್ದರು. ಕೆಳಗೆ ನಮ್ಮವರು. ಫೋಟೋ ಇತ್ತು. ಆ ಫೋಟೋ ತೆಗೆಸಿದ ದಿನ ನಗಬ್ಯಾಡ್ರಿ ಅಂತ ಫೋಟೋದವನು ಹೇಳಿದ್ದನಂತೆ. ಅದಕ್ಕೇ ಸಿಟ್ಟು ಬಂದವರ ಹಾಗೆ ಕಾಣುತ್ತಿದ್ದರು. ಎಲ್ಲರಿಗಿಂತ ಕೆಳಗೆ ನೋಟಾ. ನಮ್ಮವರ ಗುಂಡಿ ಒತ್ತಿದೆ. ಪಕ್ಕದ ಗಾಜಿನ ಒಳಗೆ ಒಂದು ಚೀಟಿ ಬಂತು, ಸ್ವಲ್ಪ ನಿಂತಿತು, ಬಿತ್ತು. ನಾನು ಅಲ್ಲೇ ನಿಂತಿದ್ದೆ. “ಆತ್ರಿ ಅಮ್ಮಾ, ಹೋಗ್ರಿ,” ಅಂತ ಒಳಗಿನವರು ಹೇಳಿದರು.

ಮೂರು ದಿನ ಬಿಟ್ಟು ಕುಮಟಾದಲ್ಲಿ ಎಣಿಕೆ. ಮಧ್ಯಾಹ್ನ ಜ್ಯೋತಿಬಾ ಫೋನ್ ಹಿಡಿದುಕೊಂಡು ಬಂದ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕುಳಿತ.

“ಏನಾತೋ?”

“ಕಾಕೂ, ಕಾಕಾಗ ಹೋದ ಸಲಕ್ಕಿಂತ ಕಡಿಮಿ ಬಿದ್ದಾವು. ಭಾಳ ಕಡಿಮಿ.”

“ನೋಟಾಕ್ಕ?”

ಫೋನನ್ನು ತಿರುಗಿಸಿ ಮತ್ತೆ ನೋಡಿದ. “ಭಾಳ ಬಿದ್ದಾವು.”

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಸತ್ತ ದಿನಕ್ಕಿಂತ ಅವತ್ತು ಹೆಚ್ಚು ಅತ್ತೆ. ಸತ್ತದ್ದು ಯಾರ ಕೈಯಲ್ಲೂ ಇರಲಿಲ್ಲ. ಇದು ಓಣಿಯವರ ಕೈಯಲ್ಲಿ ಇತ್ತು. ಮನೆಗೆ ಬಂದು ಕಣ್ಣೀರು ಹಾಕಿ, ಹೋಗಿ ಯಾರೂ ಬೇಡ ಅಂತ ಒತ್ತಿ ಬಂದರಲ್ಲ ಅಂತ ಹೊಟ್ಟೆ ಉರಿಯಿತು.

ಮಾರನೆಯ ದಿನ ಬೆಳಿಗ್ಗೆ ನೀರಿಗೆ ಹೋಗಲೇಬೇಕು. ನಮ್ಮ ಓಣಿಗೆಲ್ಲ ಒಂದೇ ನಳ. ನೀರು ಬಂದರೆ ಜಗಳವೂ ಬರುತ್ತದೆ. ನಾನು ಕೊಡ ಇಟ್ಟು, ಯಾರ ಮುಖವನ್ನೂ ನೋಡದೆ ನಿಂತೆ. ಅವತ್ತು ಜಗಳ ಬರಲಿಲ್ಲ. ಕೊನೆಗೆ ಹಿಂದಿನ ಮನೆಯ ಪೂರ್ಣಿಮಾ ಮಾತು ತೆಗೆದಳು.

“ಅಕ್ಕಾರ, ಬೇಜಾರ ಮಾಡ್ಕೊಬ್ಯಾಡ್ರಿ. ನಾವು ಹೇಳಿದ ಮಾತು ನಡಸೀವಿ. ಬ್ಯಾರೆ ಯಾರಿಗೂ ಹಾಕಿಲ್ಲ.”

“ಮತ್ತ ಯಾರಿಗೆ ಹಾಕೀರಿ?”

“ಯಾರಿಗೂ ಹಾಕಿಲ್ರಿ. ಅವರ ಸಲುವಾಗಿ ನೋಟಾ ಒತ್ತೀವಿ.”

ನನಗೆ ತಿಳಿಯಲಿಲ್ಲ. “ಅವರ ಹೆಸರ ಇತ್ತಲ್ಲ?”

“ಸ್ವಾಮಿಗಳು ಹೇಳಿದ್ರಲ್ರೀ, ಹೆಸರು ಹಿಡದು ಕರೀಬ್ಯಾಡ್ರಿ, ಅವರಿಗೆ ತ್ರಾಸಾಗ್ತೈತಿ ಅಂತ. ಹೆಸರಿನ ಮುಂದ ಒತ್ತಿದ್ರೂ ಕರದಂಗ ಅಲ್ಲೇನ್ರಿ? ಮಷೀನ್ ಕೂಂಯ್ ಅಂತ ಒದರ್ತೈತಿ ಬ್ಯಾರೆ. ಅದಕ್ಕ ಓಣಿಯವರೆಲ್ಲ ಮಾತಾಡಿಕೊಂಡ್ವಿ. ಅವರನ್ನ ಜಗ್ಗೂದು ಬ್ಯಾಡ. ಅವರಿಲ್ಲಂದ ಮ್ಯಾಲ ಇನ್ಯಾರೂ ಬ್ಯಾಡ. ನೋಟಾ.”

“ನನ್ನ ತಂಗಿ ಮನಿಯವರಿಗೂ ಹೇಳಿದೆ,” ಅಂದಳು ಇನ್ನೊಬ್ಬಳು. “ಅವರೂ ಅದನ್ನ ಒತ್ಯಾರ.”

“ನಾನೂ ಅದನ್ನ ಒತ್ತೇನಿ,” ಅಂದಳು ಹೊಳೆವ್ವ. “ಉಪವಾಸ ಹೋಗಿ ಒತ್ತೇನಿ ಮತ್ತ.”

ಅಷ್ಟರಲ್ಲಿ ಜ್ಯೋತಿಬಾ ಆಟೋ ತೊಳೆಯಲು ಬಕೆಟ್ ಹಿಡಿದು ಬಂದ. ಮಾತು ಕೇಳಿ ಅಲ್ಲೇ ನಿಂತ. ತಿರುಗಿ ಹೋಗಲು ನೋಡಿದ.

“ಜ್ಯೋತಿಬಾ,” ಅಂದೆ. “ನೀನು?”

ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. “ಎಲ್ಲಾರಿಗೂ ಸೀಟಿ ಒತ್ರಿ ಅಂತ ಹೇಳಿದೆ ಕಾಕೂ. ಒಳಗ ಹೋಗಿ ನೋಡ್ತೇನಿ, ಕಾಕಾ ಸಿಟ್ಟಿಲೆ ನನ್ನ ಕಡೆ ನೋಡ್ಲಿಕ್ಕೆ ಹತ್ಯಾರ. ಕೈ ಬರಲಿಲ್ಲ. ಎಲ್ಲಾರ ಕೆಳಗಿಂದು ಒತ್ತಿದೆ.”

ನನಗೆ ಹೊಟ್ಟೆಯೊಳಗಿನಿಂದ ನಗು ಬಂತು. ನಳದ ಕಟ್ಟೆ ಹಿಡಿದು ಕುಳಿತು ನಕ್ಕೆ. ಗಂಡ ಸತ್ತವಳು ಬೀದಿಯಲ್ಲಿ ಕುಳಿತು ನಗುತ್ತಾಳೆ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಊರೆಲ್ಲ ಹೇಳಿದ ಮಾತನ್ನು ಹೇಳಿದ ಹಾಗೇ ಹಿಡಿದಿತ್ತು, ಥೇಟ್ ಅವರ ಹಾಗೆ. ಪೂರ್ಣಿಮಾ ನೀರು ಕುಡಿಸಿದಳು. ನನ್ನನ್ನು ನೋಡಿ ಅವಳಿಗೂ ನಗು ಬಂತು. ಆಮೇಲೆ ಎಲ್ಲರಿಗೂ.

ನಕ್ಕು ಮುಗಿದ ಮೇಲೆ ಹೇಳಿದೆ. “ಅವರು ಹೋದ ಸಲದಿಂದ ಹಗಲೂ ರಾತ್ರಿ ಆ ನೋಟಾನ ಸಂಗಾಟ ಜಗಳಾಡ್ತಿದ್ರಲ್ಲೇ, ನೀವೆಲ್ಲ ಹೋಗಿ ಅವನ ಹೊಟ್ಟಿ ತುಂಬಿಸೀರಿ.”

“ಅಯ್ಯ, ನಮಗೇನ ಗೊತ್ತರಿ ಅಕ್ಕಾರ,” ಅಂದಳು ಪೂರ್ಣಿಮಾ. “ನೀವರೆ ಹೇಳಬೇಕಿಲ್ಲ?”

ನೋಟಾದ ಓಟಿನಲ್ಲಿ ಅವರವು ಎಷ್ಟು, ನಿಜವಾಗಿಯೂ ಯಾರೂ ಬೇಡ ಅಂದವು ಎಷ್ಟು, ಯಾರಿಗೂ ಗೊತ್ತಿಲ್ಲ. ಸರಕಾರದವರು ಎಲ್ಲವನ್ನೂ ಒಂದೇ ಕಡೆ ಬರೆದಿದ್ದಾರೆ. ನನ್ನ ಲೆಕ್ಕದಲ್ಲಿ ಅವರು ಗೆದ್ದರು. ಒಬ್ಬರಲ್ಲ, ಓಣಿಗೆ ಓಣಿಯೇ ಅವರು ಬೇಕು ಅಂದಿತು. ಬರೆಯುವ ಜಾಗ ಮಾತ್ರ ತಪ್ಪಿತು. ಇದನ್ನು ಅವರಿಗೆ ಹೇಳುವುದು ಹೇಗೆ ಅಂತ ತಿಳಿಯದು. ಹೆಸರು ಹಿಡಿದು ಕರೆಯುವ ಹಾಗಿಲ್ಲ.

ಅವತ್ತು ಎಲ್ಲರೂ ಕೊಡ ಹಿಂದೆ ಸರಿಸಿದರು. “ಮೊದಲ ನೀವು ತುಂಬ್ರಿ ಅಕ್ಕಾರ,” ಅಂದರು. ತಪ್ಪು ಮಾಡಿದವರ ಹಾಗೆ ನಿಂತಿದ್ದರು. ನಾನು ಬೇಡ ಅಂದೆ. ಕೆಲಸಕ್ಕೆ ಹೋಗುವ ಪೂರ್ಣಿಮಾಳ ಕೊಡ ಮುಂದೆ ಎಳೆದು ಇಟ್ಟೆ. ಉಳಿದವರು ಅದರ ಹಿಂದೆ ತಮ್ಮ ಕೊಡ ಇಟ್ಟರು. ಮರುದಿನವೂ ನಾನು ಹಚ್ಚಿದ ಸಾಲಿನಲ್ಲೇ ನಿಂತರು.

ಈಗಲೂ ಹಾಗೇ ನಡೆದಿದೆ. ಬೆಳಿಗ್ಗೆ ಎದ್ದು ಮುಖ ತೊಳೆದು ನಳದ ಹತ್ತಿರ ಹೋಗುತ್ತೇನೆ. ಕೊಡಗಳ ಸಾಲು ಹಚ್ಚುತ್ತೇನೆ. ಸಣ್ಣ ಕೂಸು ಇರುವವರದು ಮೊದಲು, ಆಮೇಲೆ ಕೆಲಸಕ್ಕೆ ಹೋಗುವವರದು, ಆಮೇಲೆ ಎಮ್ಮೆಗೆ ಬೇಕು ಅನ್ನುವ ಹೊಳೆವ್ವನದು. ಅವಳು ದಿನಾ ಬೈಯುತ್ತಾಳೆ. ಬೈಯಲಿ. ಪೈಪಿನಲ್ಲಿ ಮೊದಲು ಗಾಳಿ ಬರುತ್ತದೆ, ಆಮೇಲೆ ಕೆಂಪು ನೀರು. ಅದು ತಿಳಿಯಾಗುವ ತನಕ ಚೆಲ್ಲಿ, ಮೊದಲನೆಯ ಕೊಡವನ್ನು ನಳದ ಕೆಳಗೆ ಸರಿಸುತ್ತೇನೆ.